ಹಳೆ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್ ಬದಲಿಸಲು ಮಷಿನ್ ಫ್ಲಶ್ಶಾ, ಪ್ಯಾನ್ ಬಿಚ್ಚಿ ಫಿಲ್ಟರ್ ಹಾಕಿಸೋದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪ್ಯಾನ್ (ಗೇರ್‌ಬಾಕ್ಸ್ ತಳದಲ್ಲಿ ಆಯಿಲ್ ನಿಲ್ಲೋ ತಟ್ಟೆ) ಬಿಚ್ಚಿ ಫಿಲ್ಟರ್ ಬದಲಿಸೋ ಹಳೆ ಪದ್ಧತಿಗೆ. ಮಷಿನ್ ಫ್ಲಶ್‌ಗೆ 9,500 ರೂಪಾಯಿ ಕೊಟ್ಟು, ಎರಡು ತಿಂಗಳು ಒದ್ದಾಡಿದ ಮೇಲೆ ಹೇಳುತ್ತಿರುವ ಮಾತಿದು.

ನಮ್ಮದು 2010ರ ಹ್ಯುಂಡೈ ಐ10, ಕಪ್ಪಾ ಇಂಜಿನ್‌ದು, ನಾಲ್ಕು ಗೇರಿನ ಆಟೋಮ್ಯಾಟಿಕ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಾಗ 68,000 ಕಿ.ಮೀ. ಓಡಿತ್ತು. ದಿನಾ ಬಳ್ಳಾರಿಯಿಂದ ತೋರಣಗಲ್ಲಿಗೆ ಡ್ಯೂಟಿ. ಸುಧಾ ಕ್ರಾಸ್‌ನಲ್ಲಿ ರೈಲ್ವೆ ಗೇಟ್ ಬಿದ್ದರೆ ನಿಂತಲ್ಲೇ ನಿಲ್ಲಬೇಕು. ಅದು ದಾಟಿದರೆ ಲಾರಿಗಳ ಹಿಂದೆ ತೆವಳಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ಊರಿದು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್‌ಗೆ ಕಾವೇ ದೊಡ್ಡ ಶತ್ರು. ಹೈವೇನಲ್ಲಿ ಒಂದೇ ಸಮ ಓಡಿಸಿದಾಗ ಅಷ್ಟು ಕಾಯುವುದಿಲ್ಲ, ನಿಂತು ನಿಂತು ಹೋಗುವಾಗಲೇ ಜಾಸ್ತಿ.

ಮಾರಿದವರು "ಇದಕ್ಕೆ ಲೈಫ್‌ಟೈಮ್ ಆಯಿಲ್, ಮುಟ್ಟೋದೇ ಬೇಡ" ಅಂದಿದ್ದರು. ಮನೆಗೆ ತಂದು, ಆಯಿಲ್ ಮಟ್ಟ ನೋಡೋ ಕಡ್ಡಿ (ಡಿಪ್‌ಸ್ಟಿಕ್) ಎಳೆದು ನೋಡಿದರೆ, ಕೆಂಪಗಿರಬೇಕಾದ ಆಯಿಲ್ ಕಡು ಕಂದು ಬಣ್ಣಕ್ಕೆ ತಿರುಗಿತ್ತು. ತಳ ಹಿಡಿದ ಸಾರಿನ ಹಾಗೆ ಸೀದ ವಾಸನೆ. ರಿವರ್ಸ್ ಹಾಕಿದರೆ ಒಂದು ಕ್ಷಣ ತಡೆದು 'ಧಡ್' ಅಂತ ಕೂರುತ್ತಿತ್ತು.

ಒಂದು ಸರ್ವಿಸ್ ಸೆಂಟರ್‌ನಲ್ಲಿ ಮಷಿನ್ ಫ್ಲಶ್ ಮಾಡಿಸಿದೆ. ಗೇರ್‌ಬಾಕ್ಸ್ ಆಯಿಲನ್ನು ತಣ್ಣಗೆ ಮಾಡೋ ಕೂಲರ್ ಪೈಪಿಗೆ ಮಷಿನ್ ಜೋಡಿಸುತ್ತಾರೆ. ಒಂದು ಕಡೆಯಿಂದ ಹಳೆ ಆಯಿಲ್ ಹೊರಗೆ, ಇನ್ನೊಂದು ಕಡೆಯಿಂದ ಹೊಸದು ಒಳಗೆ. ಟಾರ್ಕ್ ಕನ್ವರ್ಟರ್‌ನಲ್ಲಿ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಭಾಗ) ಉಳಿಯೋ ಆಯಿಲ್ ಕೂಡ ಹೊರಗೆ ಬರುತ್ತದೆ. ಇದು ಮಷಿನ್‌ನ ನಿಜವಾದ ಲಾಭ, ಇಲ್ಲ ಅನ್ನಲ್ಲ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಫಿಲ್ಟರ್ ಬಗ್ಗೆ ಕೇಳಿದೆ. "ಅದು ಬೇಕಾಗಲ್ಲ ಸರ್, ಮಷಿನ್ನೇ ಎಲ್ಲ ಕ್ಲೀನ್ ಮಾಡುತ್ತೆ" ಅಂದರು. ಪ್ಯಾನ್ ಬಿಚ್ಚದೆ ಫಿಲ್ಟರ್‌ನಲ್ಲಿ ಸಿಕ್ಕಿಕೊಂಡ ಕೊಳೆ ಎಲ್ಲಿಗೆ ಹೋಗುತ್ತದೆ? ಅಲ್ಲೇ ಇರುತ್ತದೆ. ಅವತ್ತು ನಾನು ಅಷ್ಟು ಯೋಚಿಸಲಿಲ್ಲ.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಆಯಿಲ್ ಮಟ್ಟ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಇಂಜಿನ್ ಆಯಿಲ್ ನೋಡಿದ ಹಾಗೆ ಇದನ್ನು ನೋಡಲು ಬರುವುದಿಲ್ಲ. ಆಯಿಲ್ ಕಾದಂತೆ ಹಿಗ್ಗುತ್ತದೆ. ಅದಕ್ಕೇ ಕಡ್ಡಿಯ ಮೇಲೆ ತಣ್ಣಗಿದ್ದಾಗಿನ ಗುರುತು ಬೇರೆ, ಬಿಸಿಯಾದಾಗಿನ ಗುರುತು ಬೇರೆ. ಗಾಡಿಯನ್ನು ಹತ್ತು-ಹದಿನೈದು ಕಿ.ಮೀ. ಓಡಿಸಿ ಬರಬೇಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಬೇಕು. ಇಂಜಿನ್ ಆನ್ ಇಟ್ಟು, ಬ್ರೇಕ್ ತುಳಿದು, ಲಿವರನ್ನು ಎಲ್ಲ ಗೇರಿಗೂ ಒಂದು ಸುತ್ತು ತಿರುಗಿಸಿ ನ್ಯೂಟ್ರಲ್‌ಗೆ ತರಬೇಕು. ಆಮೇಲೆ ಕಡ್ಡಿ ಎಳೆಯಬೇಕು. ಇದು ನಮ್ಮ ಗಾಡಿಯ ಲೆಕ್ಕ. ಹೊಂಡಾ ಆಟೋಮ್ಯಾಟಿಕ್‌ಗಳಲ್ಲಿ ಬಿಸಿಯಾದ ಮೇಲೆ ಇಂಜಿನ್ ಆಫ್ ಮಾಡಿ ನೋಡುತ್ತಾರೆ. ಅದಕ್ಕೇ ಗಾಡಿಯ ಜೊತೆ ಬಂದ ಪುಸ್ತಕ ನೋಡದೆ ಯಾರ ಮಾತನ್ನೂ ಕೇಳಬೇಡಿ.

ಸರ್ವಿಸ್ ಸೆಂಟರ್‌ನಲ್ಲಿ ಏನು ಮಾಡಿದ್ದರು ಅಂದರೆ, ಗಾಡಿ ಇನ್ನೂ ತಣ್ಣಗಿದ್ದಾಗಲೇ ಬಿಸಿ ಗುರುತಿನವರೆಗೆ ತುಂಬಿಸಿದ್ದರು. ಊರೊಳಗೆ ಓಡಾಡುವಾಗ ಗೊತ್ತಾಗಲಿಲ್ಲ. ಮೇ ತಿಂಗಳಲ್ಲಿ ಮನೆಯವರ ಜೊತೆ ಹೊಸಪೇಟೆಗೆ ಹೊರಟೆವು. ಅರ್ಧ ದಾರಿಯಲ್ಲಿ ಎಣ್ಣೆ ಸುಟ್ಟ ವಾಸನೆ. ಇಂಜಿನ್ ರೇಸ್ ಆಗುತ್ತದೆ, ಗಾಡಿ ಎಳೆಯುವುದಿಲ್ಲ. ಬಾನೆಟ್ ಎತ್ತಿದರೆ ಗೇರ್‌ಬಾಕ್ಸ್ ಮೇಲಿನ ಗಾಳಿ ಕೊಳವೆಯ ಸುತ್ತ ಆಯಿಲ್ ಉಕ್ಕಿ, ಅದರ ಮೇಲೆ ರಸ್ತೆಯ ಕೆಂಪು ಧೂಳು ಕೂತು ಕೆಸರಿನ ಹಾಗಾಗಿತ್ತು. ಕಡ್ಡಿಯ ತುಂಬಾ ಸಣ್ಣ ಸಣ್ಣ ಗುಳ್ಳೆ. ಆಯಿಲ್ ಜಾಸ್ತಿಯಾದರೆ ತಿರುಗೋ ಭಾಗಗಳು ಅದರಲ್ಲಿ ಮುಳುಗಿ ಮಜ್ಜಿಗೆ ಕಡೆದ ಹಾಗೆ ಕಡೆಯುತ್ತವೆ. ನೊರೆ ಬಂದ ಆಯಿಲ್‌ನಲ್ಲಿ ಪ್ರೆಶರ್ ನಿಲ್ಲುವುದಿಲ್ಲ. ಪ್ರೆಶರ್ ಇಲ್ಲದಿದ್ದರೆ ಒಳಗಿನ ಕ್ಲಚ್ಚು ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗೇ ಓಡಿಸುತ್ತಾ ಹೋದರೆ ಕ್ಲಚ್ಚೇ ಸುಟ್ಟುಹೋಗುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಒಂದು ಗಂಟೆ ಮರದ ಕೆಳಗೆ ನಿಂತಿದ್ದೆ.

ಆಮೇಲೆ ಹೋಗಿದ್ದು ಕೌಲ್ ಬಜಾರ್‌ನ ಒಬ್ಬ ಮೇಸ್ತ್ರಿ ಹತ್ತಿರ. ಕಡ್ಡಿ ಎಳೆದು ಮೂಸಿ ನೋಡಿ, "ಗೇರ್‌ಬಾಕ್ಸ್ ಕೆಟ್ಟಿಲ್ಲ ಸಾರ್, ಆಯಿಲ್ ಜಾಸ್ತಿ ಆಗೈತೆ. ಪ್ಯಾನ್ ಬಿಚ್ಚೋಣ, ಫಿಲ್ಟರ್ ತರಿಸ್ರಿ" ಅಂದರು. "ಬಿಚ್ಚಿದ್ರೆ ಪ್ರಾಬ್ಲಂ ಆಗಲ್ವಾ ಭಾಯ್?" ಅಂತ ಕೇಳಿದೆ. "ಬಿಚ್ಚದೇ ಒಳಗೇನೈತೆ ಅಂತ ಹೆಂಗ್ ಹೇಳ್ಲಿ?" ಅಂದರು. ಆ ಮಾತೇ ನನಗೆ ಧೈರ್ಯ ಕೊಟ್ಟಿತು. ಬೆಂಗಳೂರಿನಿಂದ ಫಿಲ್ಟರ್ ಬರಲು ಆರು ದಿನ ಬೇಕಾಯಿತು.

ಪ್ಯಾನ್ ಇಳಿಸಿದಾಗ ಪಕ್ಕದಲ್ಲೇ ನಿಂತಿದ್ದೆ. ತಳದಲ್ಲಿ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ಪೇಸ್ಟ್ ಮೆತ್ತಿತ್ತು. ಬೆರಳಿನಲ್ಲಿ ಉಜ್ಜಿದರೆ ಕಾಡಿಗೆಯಷ್ಟು ನುಣುಪು. ಹೀಗಿದ್ದರೆ ಅದು ಮಾಮೂಲಿ ಸವೆತ. ಕೈಗೆ ಚುಚ್ಚುವಂಥ ಲೋಹದ ಚೂರು ಸಿಕ್ಕರೆ ಮಾತ್ರ ಹೆದರಬೇಕು. ಹಳೆ ಫಿಲ್ಟರ್ ಪೂರ್ತಿ ಕಪ್ಪಾಗಿತ್ತು. ಎಲ್ಲ ಕ್ಲೀನ್ ಆಗಿದೆ ಅಂತ ನನಗೆ ಹೇಳಿದ್ದು ಇದನ್ನೇ!

ಮೇಸ್ತ್ರಿಯ ಎರಡು ಅಭ್ಯಾಸ ನನಗೆ ತುಂಬಾ ಹಿಡಿಸಿತು. ಪ್ಯಾನ್ ಅಂಚಿಗೆ ಅನಾಬಾಂಡ್ (ಆಯಿಲ್ ಸೋರದಂತೆ ಹಚ್ಚೋ ಪೇಸ್ಟ್) ಎಳೆದಿದ್ದು ದಾರದಷ್ಟು ತೆಳ್ಳಗೆ. ಜಾಸ್ತಿ ಹಚ್ಚಿದರೆ ಒಳಕ್ಕೆ ಹಿಂಡಿಕೊಂಡ ಪೇಸ್ಟ್ ಕಿತ್ತು ಬಂದು ಹೊಸ ಫಿಲ್ಟರಿಗೇ ಅಡ್ಡ ಕೂರುತ್ತದೆ. ಇನ್ನೊಂದು, ಕಡ್ಡಿ ಒರೆಸಲು ಕಾಟನ್ ವೇಸ್ಟ್ ಮುಟ್ಟಲಿಲ್ಲ. ಅದರ ಎಳೆ ಒಳಗೆ ಹೋದರೆ ವಾಲ್ವ್‌ಗಳಿಗೆ ಸಿಕ್ಕಿಕೊಳ್ಳುತ್ತದೆ. ಆಯಿಲ್, ಫಿಲ್ಟರ್, ಕೂಲಿ ಎಲ್ಲ ಸೇರಿ 4,700 ರೂಪಾಯಿ ಆಯಿತು. ಆಮೇಲೆ ಅವರೇ ಪಕ್ಕದಲ್ಲಿ ಕೂತು ಒಂದು ಸುತ್ತು ಓಡಿಸಿ ಬಂದು, ಬಿಸಿಯಲ್ಲೇ ಮಟ್ಟ ನೋಡಿದರು.

ಪ್ಯಾನ್ ಪದ್ಧತಿಯ ಕೊರತೆ ಅಂದರೆ ಅರ್ಧ ಆಯಿಲ್ ಮಾತ್ರ ಇಳಿಯುತ್ತದೆ. ಉಳಿದದ್ದು ಕನ್ವರ್ಟರ್‌ನಲ್ಲೂ ಕೂಲರ್‌ನಲ್ಲೂ ಇರುತ್ತದೆ. ಅದಕ್ಕೆ ಮೂರನೇ ದಾರಿಯನ್ನೂ ಮಾಡಿ ನೋಡಿದೆ. ಮನೆಯಲ್ಲೇ ಡ್ರೈನ್ ನಟ್ ಬಿಚ್ಚಿ, ಇಳಿದಷ್ಟನ್ನೇ ಅಳೆದು ಹೊಸದು ಹಾಕುವುದು. ಒಂದು ಸಲಕ್ಕೆ ಅರ್ಧ ಹೊಸದು ಅಂದರೆ, ಎರಡನೇ ಸಲಕ್ಕೆ ಮುಕ್ಕಾಲು, ಮೂರನೇ ಸಲಕ್ಕೆ ನೂರಕ್ಕೆ 87ರಷ್ಟು ಹೊಸದಾಗುತ್ತದೆ. ಮೇಸ್ತ್ರಿ ಹಾಕಿದ್ದು ಒಂದು, ನಾನು ತಿಂಗಳು ಬಿಟ್ಟು ತಿಂಗಳು ಹಾಕಿದ್ದು ಎರಡು. ಖರ್ಚು ಬರೀ ಆಯಿಲ್ ಮತ್ತು ವಾಷರ್‌ದು. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಹಳೆ ಆಯಿಲ್ ಚರಂಡಿಗೆ ಸುರಿಯಬೇಡಿ. ನಾನು ಕ್ಯಾನಿನಲ್ಲಿ ತುಂಬಿ ಮೇಸ್ತ್ರಿಯ ಡ್ರಮ್ಮಿಗೇ ಹಾಕಿ ಬಂದೆ.

ಆಯಿಲ್ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಸುಮ್ನೆ "ಗೇರ್ ಆಯಿಲ್" ಅಂದರೆ 90 ನಂಬರ್ ಕೈಗೆ ಕೊಡುತ್ತಾರೆ. ಅದು ಇದಕ್ಕಲ್ಲ. ಎಟಿಎಫ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಅಂತ ಕೇಳಬೇಕು, ಅದರಲ್ಲೂ ನಮ್ಮ ಗಾಡಿಗೆ ಎಸ್‌ಪಿ-3 ಅನ್ನೋ ನಮೂನೆ. ಫ್ಲಶ್‌ನಲ್ಲಿ ಎಲ್ಲ ಗಾಡಿಗೂ ಆಗುತ್ತದೆ ಅಂತ ಒಂದು ಆಯಿಲ್ ಹಾಕಿದ್ದರು. 60ರ ಸ್ಪೀಡಿನಲ್ಲಿ ಹದವಾಗಿ ಹೋಗುವಾಗ, ರಸ್ತೆ ಉಬ್ಬಿನ ಮೇಲೆ ಹೋದ ಹಾಗೆ ಗಾಡಿ ನಡುಗುತ್ತಿತ್ತು. ಎಸ್‌ಪಿ-3 ಎರಡನೇ ಸಲ ಹಾಕಿದ ಮೇಲೆ ಆ ನಡುಕ ನಿಂತಿತು. ರಿವರ್ಸ್‌ನ ಆ ಧಡ್ ಶಬ್ದವೂ ಈಗ ಇಲ್ಲ.

ದುಡ್ಡಿಗಿಂತ ಟೈಮು ಮುಖ್ಯ ಅನ್ನುವವರು, ಫಿಲ್ಟರನ್ನೂ ಬದಲಿಸುತ್ತೇವೆ, ಬಿಸಿಯಲ್ಲಿ ಮಟ್ಟ ನೋಡಿಯೇ ಕೊಡುತ್ತೇವೆ ಅಂತ ಒಪ್ಪೋ ಕಡೆ ಫ್ಲಶ್ ಮಾಡಿಸಿ. ನನಗೆ ಐದು ಸಾವಿರದೊಳಗೆ ಮುಗಿಯಬೇಕು, ಕೆಲಸ ಕಣ್ಣೆದುರೇ ಆಗಬೇಕು. ನನ್ನ ಓಡಾಟಕ್ಕೆ 40,000 ಕಿ.ಮೀ.ಗೆ ಒಮ್ಮೆ ಅಂತ ಇಟ್ಟುಕೊಂಡಿದ್ದೇನೆ. 72,000ಕ್ಕೆ ಪ್ಯಾನ್ ಬಿಚ್ಚಿಸಿದ್ದು, ಈಗ 1,04,000 ಆಗಿದೆ. ಮುಂದಿನ ಫಿಲ್ಟರ್ ಆಗಲೇ ತರಿಸಿ ಬೀರುವಿನಲ್ಲಿ ಇಟ್ಟಿದ್ದೇನೆ, ಇನ್ನೊಮ್ಮೆ ಆರು ದಿನ ಬಸ್ಸಿನಲ್ಲಿ ಡ್ಯೂಟಿಗೆ ಹೋಗೋದು ಬೇಡ ಅಂತ.