ಮೆಕ್‌ಚೇನ್ ಬೈಬಲ್ ಓದಿನ ಪಟ್ಟಿ: ಪಟ್ಟಿ ಚೆನ್ನ, ಆ್ಯಪ್ ಅಷ್ಟಕ್ಕಷ್ಟೆ

ಜನವರಿ ಬಂತೆಂದರೆ "ಈ ವರ್ಷ ಬೈಬಲ್ ಪೂರ್ತಿ ಓದಿಬಿಡಬೇಕು" ಅನ್ನುವವರಲ್ಲಿ ನಾನೂ ಒಬ್ಬಳು. ಅದಕ್ಕೆ ಪಟ್ಟಿಗಳು ಬೇಕಾದಷ್ಟಿವೆ. ನಾನು ಹಿಡಿದಿರುವುದು ರಾಬರ್ಟ್ ಮರ್ರೆ ಮೆಕ್‌ಚೇನ್ ಅವರದು. ಸ್ಕಾಟ್ಲೆಂಡಿನ ಡಂಡೀಯಲ್ಲಿ ಒಂದು ಚರ್ಚಿನ ಸಭಾಪಾಲಕರಾಗಿದ್ದವರು (ಪಾಸ್ಟರ್). 1842ರ ಕೊನೆಗೆ, ಹೊಸ ವರ್ಷಕ್ಕೆಂದು, ತಮ್ಮ ಸಭೆಯವರಿಗೆ ಇದನ್ನು ಮಾಡಿಕೊಟ್ಟರು. ಮುಂದಿನ ಮಾರ್ಚ್‌ನಲ್ಲೇ ತೀರಿಕೊಂಡರು. ವಯಸ್ಸು ಬರೀ 29.

ದಿನಕ್ಕೆ ಸುಮಾರು ನಾಲ್ಕು ಅಧ್ಯಾಯ, ನಾಲ್ಕು ಬೇರೆ ಪುಸ್ತಕಗಳಿಂದ. ಎರಡು ಮನೆಯವರೆಲ್ಲ ಕೂತು ಓದಲು, ಎರಡು ಒಬ್ಬರೇ ಓದಲು. ವರ್ಷ ಮುಗಿಯುವಾಗ ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಆಗಿರುತ್ತವೆ.

ನನಗೆ ಹಿಡಿಸಿದ್ದು ಜನವರಿ 1ರ ಓದು. ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು. ನಾಲ್ಕರದ್ದೂ ಮೊದಲ ಅಧ್ಯಾಯ. ಲೋಕದ ಆರಂಭ, ಯೇಸುವಿನ ಜನನ, ಕ್ರೈಸ್ತ ಸಭೆ ಹುಟ್ಟುವ ಮುಂಚಿನ ಕಾಯುವಿಕೆ, ಇವೆಲ್ಲ ಸರಿ. ಆದರೆ ಹೊಸ ವರ್ಷಕ್ಕೆ ಎಜ್ರ ಯಾರಿಗೆ ನೆನಪಾಗುತ್ತದೆ, ಹೇಳಿ? ಸೆರೆಯಾಗಿ ಬಾಬೆಲಿನಲ್ಲಿದ್ದ ಯೆಹೂದ್ಯರಿಗೆ ಪರ್ಷಿಯದ ರಾಜ ಕೋರೆಷ ಊರಿಗೆ ಹೋಗಲು ಅಪ್ಪಣೆ ಕೊಡುತ್ತಾನೆ. ಹಿಂದೆ ಬಾಬೆಲಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮಿನ ದೇವಾಲಯದಿಂದ ಹೊತ್ತು ತಂದಿದ್ದ ಪಾತ್ರೆಗಳನ್ನು ಎಣಿಸಿ ಹಿಂದಕ್ಕೆ ಕೊಡುತ್ತಾರೆ, ಒಟ್ಟು 5,400. ಅವರು ಹೊರಟಿದ್ದು ಪಾಳುಬಿದ್ದ ಊರಿಗೆ. ಕಟ್ಟಬೇಕಾಗಿದ್ದು ಅಲ್ಲೇ, ಅವೇ ಹಳೆ ಪಾತ್ರೆ ಇಟ್ಟುಕೊಂಡು. ಹೊಸ ಹಾಳೆ, ಹೊಸ ಬದುಕು ಅಂತೆಲ್ಲ ಕೇಳಿ ಕೇಳಿ ಬೇಸತ್ತ ನನಗೆ ಇದು ಜಾಸ್ತಿ ನಿಜ ಅನ್ನಿಸಿತು.

ಕಷ್ಟ ಬರುವುದು ಮಾರ್ಚ್ ಕೊನೆಗೆ. ಯಾಜಕಕಾಂಡ ಶುರುವಾಗುತ್ತದೆ. ಬಲಿ, ಮೈಲಿಗೆ, ಕುಷ್ಠದ ನಿಯಮ. ಪಕ್ಕದಲ್ಲಿ ಬೇರೆ ಮೂರು ಓದು ಇರುವುದರಿಂದ ಹೇಗೋ ದಾಟಬಹುದು. ಈ ಪಟ್ಟಿಯ ಜಾಣತನವೇ ಅದು.

ಈ ಪಟ್ಟಿಯನ್ನು ಫೋನಿನಲ್ಲಿ ತೋರಿಸುವ ಆ್ಯಪ್ ವಿಷಯ ಬೇರೆ. ನಾನು ಹಾಕಿಕೊಂಡಿದ್ದರಲ್ಲಿ ಒಂದು ದಿನ ಬಿಟ್ಟರೆ ಕೆಂಪು ಗುರುತು. ಓದಿದ್ದಕ್ಕೆ ಟಿಕ್, ತಪ್ಪದೆ ಓದಿದರೆ ಬ್ಯಾಡ್ಜ್. ಕೊನೆಗೆ ದೇವರ ಜೊತೆಗಿನ ಮಾತಿಗಿಂತ ಬಾಕಿ ತೀರಿಸುವ ಗಡಿಬಿಡಿಯೇ ದೊಡ್ಡದಾಗುತ್ತದೆ. ತಮಾಷೆ ಏನೆಂದರೆ, ಮೆಕ್‌ಚೇನ್ ಪಟ್ಟಿಯ ಜೊತೆಗೇ ಇದರ ಅಪಾಯಗಳನ್ನೂ ಬರೆದಿಟ್ಟಿದ್ದರು: ಕಾಟಾಚಾರದ ಓದು, ನಾನೇ ದೊಡ್ಡ ಭಕ್ತ ಅನ್ನುವ ಹಮ್ಮು, ಗಮನವಿಲ್ಲದೆ ಓದುವುದು, ಹೊರಲಾಗದ ನೊಗ. ಆ್ಯಪ್ ಮಾಡಿದವರು ಆ ಪುಟ ನೋಡಿಲ್ಲ ಅಂತ ಕಾಣುತ್ತದೆ!

ನನ್ನ ಸಲಹೆ: ಪಟ್ಟಿಯನ್ನು ಪ್ರಿಂಟ್ ಮಾಡಿ ಬೈಬಲಿನೊಳಗೆ ಇಟ್ಟುಕೊಳ್ಳಿ. ತಪ್ಪಿದ್ದನ್ನು ಬಿಟ್ಟು ಇವತ್ತಿನ ತಾರೀಖಿನದ್ದೇ ಓದಿ. ನಮ್ಮತ್ತೆಯಂತೆ ಕಣ್ಣು ಮಂಜಾದವರಿಗೆ ಎ3 ಹಾಳೆಯಲ್ಲಿ ದೊಡ್ಡದಾಗಿ ತೆಗೆಸಿ. ಸಾಮಾನ್ಯ ಹಾಳೆಯಲ್ಲಿ ಅಕ್ಷರ ತೀರಾ ಸಣ್ಣ. ನಾಲ್ಕು ಅಧ್ಯಾಯ ಹೆಚ್ಚಾದರೆ ಎರಡೇ ಓದಿ, ಪಟ್ಟಿಯ ಉಳಿದೆರಡು ಕಾಲಂ ಬರುವ ವರ್ಷಕ್ಕಿರಲಿ.

ಪಟ್ಟಿಗೆ ಐದಕ್ಕೆ ನಾಲ್ಕೂವರೆ. ಆ್ಯಪ್‌ಗೆ ಎರಡು, ಅದೂ ಓದಿ ಹೇಳುವ ಸೌಲಭ್ಯ ಇರುವುದಕ್ಕೆ.