ಟಿಡಿಎಸ್ ಮೀಟರ್ ಪೆನ್: ಮೂರು ವರ್ಷ ಬಳಸಿದ ಮೇಲೆ ಬರೀತಿರೋ ರಿವ್ಯೂ

ಟಿಡಿಎಸ್ ಅಂದ್ರೆ ನೀರಲ್ಲಿ ಒಟ್ಟು ಎಷ್ಟು ಲವಣ ಮುಂತಾದ್ದು ಕರಗಿದೆ ಅನ್ನೋ ಅಳತೆ. ಅದನ್ನ ತೋರಿಸೋ ಈ ಪೆನ್ ಥರದ ಮೀಟರ್ ಎರಡು ತಗೊಂಡು ಮೂರು ವರ್ಷ ಆಯ್ತು, ಒಂದು ಲ್ಯಾಬಲ್ಲಿದೆ ಇನ್ನೊಂದು ಫೀಲ್ಡ್ ಬ್ಯಾಗಲ್ಲಿದೆ, ಎರಡೂ ಇನ್ನೂ ಚೆನ್ನಾಗಿ ಕೆಲಸ ಮಾಡ್ತಿವೆ. ನಾನು ಯೂನಿವರ್ಸಿಟಿಲಿ ಬಯಾಲಜಿ ಪಾಠ ಮಾಡೋಳು, ರಿಸರ್ಚ್ ಎಲ್ಲ ಪರಿಸರ ವಿಷಶಾಸ್ತ್ರದಲ್ಲಿ, ಮೊದಲ ಹತ್ತು ವರ್ಷ ನೀರುಚಿಗಟ (ನೀರಲ್ಲಿರೋ ಪುಟ್ಟ ಜೀವಿ), ಮೀನು ಅಂತ ತೊಟ್ಟಿಗಳ ಮುಂದೇನೇ ಕಳೀತು, ಆಮೇಲೆ ಪಬ್ಲಿಕ್ ಹೆಲ್ತ್ ಕಡೆಗೆ ಬಂದು ಮನೆಮನೆಗೆ ಹೋಗಿ ಕುಡಿಯೋ ನೀರಿನ ಸ್ಯಾಂಪಲ್ ತಗೊಳ್ಳೋ ಕೆಲಸ. ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಜನ ನನ್ನ ಅತಿ ಹೆಚ್ಚು ಸಲ ಕೇಳಿರೋ ಪ್ರಶ್ನೆ ಒಂದೇ, "ಮೇಡಂ, ನಮ್ಮನೆ ನೀರಿನ ಟಿಡಿಎಸ್ ಇಷ್ಟು ಬಂತು, ಕುಡೀಬಹುದಾ?" ಅದಕ್ಕೇ ಈ ರಿವ್ಯೂ ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಮೊದಲು ಮೀಟರ್ ಬಗ್ಗೆ ಹೇಳ್ಬಿಡ್ತೀನಿ. ಎರಡು ಬಟನ್ ಸೆಲ್, ಕೆಳಗೆ ಎರಡು ಕಡ್ಡಿ, ಒಂದು ಮುಚ್ಚಳ, ಆನ್ ಮಾಡಿ ಅದ್ದಿದ್ರೆ ಕೆಲವೇ ಸೆಕೆಂಡಲ್ಲಿ ನಂಬರ್ ನಿಲ್ಲುತ್ತೆ, ಹೋಲ್ಡ್ ಬಟನ್ ಒತ್ತಿದ್ರೆ ಹೊರಗೆ ತೆಗೆದ ಮೇಲೂ ನಂಬರ್ ಉಳಿಯುತ್ತೆ. ಟೆಂಪರೇಚರ್ ಕಾಂಪನ್ಸೇಶನ್ (ನೀರಿನ ಬಿಸಿಗೆ ತಕ್ಕ ಹಾಗೆ ಅಂಕಿ ಸರಿಮಾಡೋದು) ಇರೋದನ್ನೇ ತಗೊಳ್ಳಿ, ಯಾಕಂದ್ರೆ ನೀರು ಒಂದು ಡಿಗ್ರಿ ಬಿಸಿ ಆದ್ರೆ ಅದರ ವಿದ್ಯುತ್ ವಾಹಕತೆ ಸುಮಾರು ಶೇಕಡ 2ರಷ್ಟು ಏರುತ್ತೆ, ಕಾಂಪನ್ಸೇಶನ್ ಇಲ್ಲದ ಪೆನ್ನಲ್ಲಿ ಬೆಳಿಗ್ಗೆಯ ನೀರು ಮಧ್ಯಾಹ್ನದ ನೀರು ಬೇರೆಬೇರೆ ಅನ್ನೋ ಹಾಗೆ ತೋರಿಸುತ್ತೆ. ನನ್ನ ಪೆನ್ನಲ್ಲಿ ಒಂದು ತೊಂದರೆ ಇದೆ, 999 ದಾಟಿದ ಕೂಡ್ಲೇ ಮೂಲೆಲಿ ಚಿಕ್ಕದಾಗಿ ×10 ಅಂತ ಮಿನುಗುತ್ತೆ, ಅದು ಕಣ್ಣಿಗೇ ಬೀಳಲ್ಲ. ಒಬ್ರು ಫೋನ್ ಮಾಡಿ 132 ಅಂತ ಖುಷಿಯಾಗಿ ಹೇಳಿದ್ರು, ಹೋಗಿ ನೋಡಿದ್ರೆ 1320. ತಯಾರಿಸೋರು ಇದನ್ನ ಸರಿಮಾಡ್ಲೇಬೇಕು.

ಈಗ ಮುಖ್ಯ ವಿಷಯ. ಈ ಪೆನ್ ಅಳೆಯೋದು ನೀರಲ್ಲಿ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತೆ ಅನ್ನೋದನ್ನ ಅಷ್ಟೇ, ಆ ಅಳತೆನ ಒಂದು ಅಂದಾಜು ಗುಣಾಂಕದಿಂದ, ಸಾಮಾನ್ಯವಾಗಿ 0.5ರಿಂದ 0.7ರ ಒಳಗೆ, ಗುಣಿಸಿ ಪಿಪಿಎಂ (ಹೆಚ್ಚುಕಮ್ಮಿ ಲೀಟರಿಗೆ ಇಷ್ಟು ಮಿಲಿಗ್ರಾಂ) ಅಂತ ತೋರಿಸುತ್ತೆ. ಫಸ್ಟ್ ಇಯರ್ ಮಕ್ಕಳಿಗೆ ನಾನು ಮಾಡಿ ತೋರಿಸೋದು ಹೀಗೆ: ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಒಂದು ಗ್ರಾಂ ಉಪ್ಪು ಹಾಕಿದ್ರೆ ಪೆನ್ 1000ದ ಹತ್ರ ಹೋಗುತ್ತೆ, ಇನ್ನೊಂದು ಲೀಟರ್‌ಗೆ ನಾಲ್ಕು ಚಮಚ ಸಕ್ಕರೆ ಕರಗಿಸಿದ್ರೆ ಹೆಚ್ಚುಕಮ್ಮಿ ಸೊನ್ನೇಲೇ ಕೂತಿರುತ್ತೆ. ಉಪ್ಪು ನೀರಲ್ಲಿ ಅಯಾನ್ ಆಗಿ, ಅಂದ್ರೆ ಕರೆಂಟ್ ಒಯ್ಯೋ ಕಣಗಳಾಗಿ ಒಡೆಯುತ್ತೆ, ಸಕ್ಕರೆ ಒಡೆಯಲ್ಲ. ಎಷ್ಟೋ ಕೀಟನಾಶಕಗಳೂ ಸಕ್ಕರೆ ಹಾಗೇನೇ, ಒಡೆಯಲ್ಲ, ಪೆನ್ನಿಗೆ ಕಾಣಲ್ಲ. ಭೇದಿ ತರೋ ಬ್ಯಾಕ್ಟೀರಿಯಾ ಲೋಟದ ತುಂಬ ಇದ್ರೂ ಕಾಣಲ್ಲ.

ಹಾಗಾದ್ರೆ ಅಯಾನ್ ಆಗಿರೋ ವಿಷ ಆದ್ರೂ ಗೊತ್ತಾಗ್ಬೇಕಲ್ವಾ ಅಂತ ಕೇಳ್ತಾರೆ, ಒಳ್ಳೆ ಪ್ರಶ್ನೆ, ಲೆಕ್ಕ ಹಾಕಿ ನೋಡಿ. ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದ್ರೆ 0.01 ಪಿಪಿಎಂ. ಪೆನ್ ತೋರಿಸೋ ಅತಿ ಚಿಕ್ಕ ಅಂಕಿ 1. ಮಿತಿಗಿಂತ 50 ಪಟ್ಟು ಆರ್ಸೆನಿಕ್ ಇದ್ರೂ 0.5, ಪರದೆ ಮೇಲಿನ ಅಂಕಿ ಅದರಿಂದ ಗೊತ್ತಾಗೋ ಹಾಗೆ ಕದಲೋದೇ ಇಲ್ಲ. ಫ್ಲೋರೈಡ್ ಮಿತಿ 1.5 ಮಿಲಿಗ್ರಾಂ, ಅದು ಡಬಲ್ ಆಯ್ತು ಅನ್ಕೊಳ್ಳಿ, 300 ತೋರಿಸೋ ನೀರಲ್ಲಿ ಪೆನ್ನಿನ ಸ್ವಂತ ತಪ್ಪೇ ಪ್ಲಸ್ ಮೈನಸ್ 6 ಇರುತ್ತೆ, ಆ ಗಲಾಟೆಲಿ ಒಂದೂವರೆ ಎಲ್ಲಿ ಕಾಣುತ್ತೆ. ಬಾಂಗ್ಲಾದೇಶದಲ್ಲಿ 1970ರ ದಶಕದಲ್ಲಿ ಕೆರೆಕುಂಟೆ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯ್ತಿದ್ದಾರೆ ಅಂತ ಒಳ್ಳೆ ಉದ್ದೇಶದಿಂದಲೇ ಕೊಳವೆಬಾವಿ ಹಾಕ್ಸಿದ್ರು, ನೀರು ಕನ್ನಡಿ ಥರ ತಿಳಿ, ರುಚಿನೂ ಚೆನ್ನಾಗಿತ್ತು, ಆದ್ರೆ ನೆಲದೊಳಗಿನ ಮೆಕ್ಕಲಿಂದ ಬಂದ ಆರ್ಸೆನಿಕ್ ಅದರಲ್ಲಿತ್ತು. ಅಂಗೈ ಗಟ್ಟಿಯಾಗಿ ಗಂಟಾಗೋದು, ಚರ್ಮದ ಮೇಲೆ ಮಚ್ಚೆ, ವರ್ಷಗಳಾದ ಮೇಲೆ ಕ್ಯಾನ್ಸರ್. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಲಿ ಬಂದ ಅಂದಾಜಿನ ಪ್ರಕಾರ ಆಗಿನ 12.5 ಕೋಟಿ ಜನರಲ್ಲಿ 3.5ರಿಂದ 7.7 ಕೋಟಿ ಜನ ಅಪಾಯದಲ್ಲಿದ್ರು. ಈ ಪೆನ್ ಆಗ ಪ್ರತಿ ಮನೇಲೂ ಇದ್ದಿದ್ರೂ ಒಂದೇ ಒಂದು ಬಾವಿಲಿ ಆರ್ಸೆನಿಕ್ ಇದೆ ಅಂತ ಹೇಳ್ತಿರ್ಲಿಲ್ಲ.

ನನ್ನ ಸ್ವಂತ ಅನುಭವ ಒಂದು ಹೇಳ್ತೀನಿ. ಲ್ಯಾಬಲ್ಲಿ ನಾವು ಡಾಫ್ನಿಯಾ, ಅದೇ ನೀರುಚಿಗಟ, ಸಾಕ್ತೀವಿ, ಯಾವುದಾದ್ರೂ ರಾಸಾಯನಿಕ ಎಷ್ಟು ವಿಷ ಅಂತ ನೋಡೋಕೆ 48 ಗಂಟೆ ಅದ್ರಲ್ಲಿ ಬಿಟ್ಟು ಎಷ್ಟು ಓಡಾಡ್ತಿವೆ ಎಷ್ಟು ನಿಂತಿವೆ ಅಂತ ಎಣಿಸೋದು. ಒಂದು ಬೆಳಿಗ್ಗೆ ಬಂದು ನೋಡಿದ್ರೆ ಎಲ್ಲ ತೊಟ್ಟಿಲೂ ತಳ ಸೇರಿದ್ವು. ಯಾವ ಪ್ರಯೋಗನೂ ನಡೀತಿರ್ಲಿಲ್ಲ, ಸುಮ್ನೆ ಸಾಕೋ ತೊಟ್ಟಿಗಳು ಅವು. ನನ್ನ ಸ್ಟೂಡೆಂಟ್ ಅಳೋ ಹಾಗಾಗಿದ್ದಳು, ಪೆನ್ ಅದ್ದಿ ನೋಡಿದ್ಲು, 182, ಹಿಂದಿನ ದಿನವೂ 182. ಪಿಎಚ್ ಸರಿ, ಆಕ್ಸಿಜನ್ ಸರಿ. ಎರಡು ದಿನ ತಲೆ ಕೆಡಿಸ್ಕೊಂಡ ಮೇಲೆ ಗೊತ್ತಾಯ್ತು, ಪ್ಲಂಬರ್ ಬಂದು ಹಿತ್ತಾಳೆ ನಲ್ಲಿ ಹೊಸದಾಗಿ ಹಾಕಿದ್ರು, ಅದರಿಂದ ತಾಮ್ರ ನೀರಿಗೆ ಬಿಡ್ತಿತ್ತು. ಡಾಫ್ನಿಯಾಕ್ಕೆ ಮೆದು ನೀರಲ್ಲಿ ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ತಾಮ್ರನೇ ಸಾಕು ಸಾಯೋಕೆ, ಮನುಷ್ಯರಿಗೆ ಕುಡಿಯೋ ನೀರಲ್ಲಿ 2 ಮಿಲಿಗ್ರಾಂ ತನಕ ಮಿತಿ. ಅದೇ ನೀರು ನಾವು ಕುಡಿದ್ರೆ ಆ ತಾಮ್ರದಿಂದ ಏನೂ ಆಗ್ತಿರ್ಲಿಲ್ಲ. ಯಾರು ಕುಡೀತಾರೆ, ಎಷ್ಟು, ಎಷ್ಟು ದಿನ ಅಂತ ಕೇಳ್ದೇ ಸುಮ್ನೆ "ನೀರು ಸೇಫಾ" ಅಂದ್ರೆ ಉತ್ತರ ಕೊಡೋಕಾಗಲ್ಲ ಅನ್ನೋದು ನನಗೆ ಆವತ್ತು ಮನಸ್ಸಿಗೆ ನಾಟಿತು.

ಇನ್ನೊಂದು, ಇದನ್ನ ನೆನೆಸ್ಕೊಂಡ್ರೆ ಈಗಲೂ ಸಂಕಟ ಆಗುತ್ತೆ. ಸರ್ವೇಗೆ ಹೋದ ಒಂದು ಮನೇಲಿ ಎರಡು ತಿಂಗಳ ಮಗು, ಬಾಟಲಿ ಹಾಲು. ಬಾವಿ ನೀರು, ಪೆನ್ 280 ತೋರಿಸ್ತಿತ್ತು, ಪೆನ್ ಜೊತೆ ಬಂದ ಕಾರ್ಡಲ್ಲಿ ಆ ನಂಬರಿಗೆ ಹಸಿರು ಬಣ್ಣ, ಮುಂದೆ "ಗುಡ್" ಅಂತ. ಆ ತಾಯಿ ಪಾಪ ತನ್ನ ಕೈಲಾದ್ದೆಲ್ಲ ಮಾಡಿದ್ಲು, ನೀರು ಚೆನ್ನಾಗಿ ಕುದಿಸಿ ಕುದಿಸಿ ಹಾಲು ಪುಡಿ ಕಲಸ್ತಿದ್ಲು. ನಮ್ಮ ಲ್ಯಾಬ್ ರಿಪೋರ್ಟಲ್ಲಿ ನೈಟ್ರೇಟ್ 78 ಮಿಲಿಗ್ರಾಂ ಬಂತು, ಮಿತಿ 50. ಕುದಿಸಿದ್ರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ, ಎಳೆ ಮಕ್ಕಳಲ್ಲಿ ರಕ್ತ ಆಕ್ಸಿಜನ್ ಹೊರೋದನ್ನೇ ತಡೆದು ತುಟಿ ಉಗುರು ನೀಲಿಯಾಗೋ ಹಾಗೆ ಮಾಡಬಲ್ಲದು. ಸಮಯಕ್ಕೆ ಸರಿಯಾಗಿ ನೀರು ಬದಲಾಯಿಸಿದ್ರು, ಮಗು ಚೆನ್ನಾಗಿದೆ. ಆದ್ರೆ ಆ ಹಸಿರು ಕಾರ್ಡಿನ ಮೇಲೆ ನನಗಿರೋ ಸಿಟ್ಟು ಇನ್ನೂ ಇಳಿದಿಲ್ಲ. ಟಿಡಿಎಸ್‌ಗೆ ಆರೋಗ್ಯದ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಇಟ್ಟೇ ಇಲ್ಲ, 600ಕ್ಕಿಂತ ಕಮ್ಮಿ ಇದ್ರೆ ರುಚಿ ಚೆನ್ನ, 1000 ದಾಟಿದ್ರೆ ಕುಡಿಯೋಕೆ ಬೇಡ ಅನ್ಸುತ್ತೆ, ಇಷ್ಟೇ ಹೇಳಿರೋದು, ಅದೂ ರುಚಿ ಬಗ್ಗೆ.

ಫಿಲ್ಟರ್ ಮಾರೋರು ಪೆನ್ ಜೊತೆ ಇನ್ನೊಂದು ಮೆಷಿನ್ ತರ್ತಾರೆ, ಎರಡು ಲೋಟಕ್ಕೆ ಕಡ್ಡಿ ಇಳಿಸಿ ಕರೆಂಟ್ ಬಿಟ್ರೆ ನಲ್ಲಿ ನೀರು ಕಂದು ಕೆಸರಾಗುತ್ತೆ, ಅವರ ನೀರು ತಿಳಿಯಾಗೇ ಇರುತ್ತೆ. ಆ ಕೆಸರು ಕಬ್ಬಿಣದ ಕಡ್ಡಿ ಕರಗಿ ಬಂದಿದ್ದು, ನಿಮ್ಮ ನೀರಿನ ಕೊಳೆ ಅಲ್ಲ. ಅವರ ನೀರಲ್ಲಿ ಲವಣ ಇಲ್ಲ, ಕರೆಂಟ್ ಹರಿಯಲ್ಲ, ಕಡ್ಡಿ ಕರಗಲ್ಲ, ಅಷ್ಟೇ. ಹೆದರಬೇಡಿ.

ಹಾಗಂತ ಪೆನ್ ಬೇಡ ಅಂತಿಲ್ಲ, ನಾನು ದಿನಾ ಬಳಸ್ತೀನಿ. ಬದಲಾವಣೆ ಕಂಡುಹಿಡಿಯೋಕೆ ಇದು ಬಹಳ ಒಳ್ಳೇದು. ಆರ್‌ಓ ಫಿಲ್ಟರ್ ಇದ್ರೆ ಒಳಗೆ ಹೋಗೋ ನೀರು, ಹೊರಗೆ ಬರೋ ನೀರು ಎರಡನ್ನೂ ತಿಂಗಳಿಗೊಮ್ಮೆ ಬರೆದಿಡಿ, 400 ಹೋಗಿ 40 ಬರ್ತಿದ್ರೆ ಮೆಂಬ್ರೇನ್ (ಒಳಗೆ ಲವಣ ತಡೆಯೋ ಪೊರೆ) ಚೆನ್ನಾಗಿದೆ, ಅದೇ 150 ಬರೋಕೆ ಶುರುವಾದ್ರೆ ಹೋಗಿದೆ ಅಂತ ಅರ್ಥ. ಬಾವಿ ನೀರಿನ ನಂಬರ್ ಇದ್ದಕ್ಕಿದ್ದ ಹಾಗೆ ಏರಿದ್ರೆ ಏನೋ ಹೊಸದು ಸೇರ್ತಿದೆ, ಸ್ಯಾಂಪಲ್ ಲ್ಯಾಬಿಗೆ ಕಳಿಸಿ. ಲ್ಯಾಬಲ್ಲಿ ಬರೀ "ವಾಟರ್ ಟೆಸ್ಟ್" ಅನ್ಬೇಡಿ, ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್, ಸೀಸ, ಇ ಕೋಲೈ (ಮಲದಿಂದ ನೀರಿಗೆ ಸೇರೋ ಬ್ಯಾಕ್ಟೀರಿಯಾ) ಅಂತ ಹೆಸರು ಹೇಳಿ ಕೇಳಿ. ಸೀಸ ಹೆಚ್ಚಾಗಿ ಬರೋದು ಪೈಪಿಂದ, ಹಾಗಾಗಿ ರಾತ್ರಿಯೆಲ್ಲ ನಲ್ಲಿ ಬಳಸದೆ ಬೆಳಿಗ್ಗೆ ಮೊದಲು ಬರೋ ಒಂದು ಲೀಟರನ್ನೇ ಹಿಡೀಬೇಕು, ನೀರು ಬಿಟ್ಟು ಆಮೇಲೆ ಹಿಡಿದ್ರೆ ಸೀಸ ಕಮ್ಮಿ ತೋರಿಸುತ್ತೆ.

ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ, ಒಂದು ಸ್ಟಾರ್ ಹೋಗಿದ್ದು ಆ ಬಣ್ಣದ ಕಾರ್ಡಿಗೆ, ಅರ್ಧ ×10ಗೆ. ತಗೊಂಡೋರು ವರ್ಷಕ್ಕೆರಡು ಸಲ 342 ಪಿಪಿಎಂ ಉಪ್ಪಿನ ದ್ರಾವಣದಲ್ಲಿ ಅದ್ದಿ ಕ್ಯಾಲಿಬ್ರೇಟ್ ಮಾಡಿ, ಅಂದ್ರೆ ಪೆನ್ನಿನ ಅಂಕಿನ ಅದಕ್ಕೆ ಹೊಂದಿಸಿ, ಕಡ್ಡಿಗೆ ಬಿಳಿ ಪದರ ಕೂತಿದ್ರೆ ವಿನೆಗರಲ್ಲಿ ಸ್ವಲ್ಪ ಹೊತ್ತು ಅದ್ದಿ ಡಿಸ್ಟಿಲ್ಡ್ ವಾಟರಲ್ಲಿ ತೊಳೀರಿ, ಪೆನ್ ಮೇಲಿರೋ ಗೆರೆ ದಾಟಿ ಮುಳುಗಿಸಬೇಡಿ, ಇವೆರಡಕ್ಕೂ ಮುಂಚಿನ ನನ್ನ ಮೊದಲನೇ ಪೆನ್ ಹೋಗಿದ್ದು ಹಾಗೇನೇ.