ಡಿಸ್ಕ್ ಹಾಕಿಸಿಕೊಂಡು ನ್ಯಾಸ್ ತಗೊಳ್ಳೋರು ಇದನ್ನ ಓದಿ, ಆಮೇಲೆ ದುಡ್ಡು ಕೊಡಿ

ನ್ಯಾಸ್ ಅಂದರೆ ಮನೆಯ ನೆಟ್‌ವರ್ಕ್‌ಗೆ ಸೇರಿಸಿ, ಎಲ್ಲರ ಫೈಲೂ ಒಂದೇ ಕಡೆ ಇಡೋ ಡಿಸ್ಕ್ ಪೆಟ್ಟಿಗೆ. ಮೊದಲೇ ಹೇಳಿಬಿಡ್ತೀನಿ. "ಡಿಸ್ಕ್ ನಾವೇ ಹಾಕಿ, ಸೆಟ್ ಮಾಡಿ ಕೊಡ್ತೀವಿ ಸಾರ್, ಮನೇಲಿ ಪ್ಲಗ್ ಚುಚ್ಚಿದ್ರೆ ಆಯ್ತು" ಅಂತ ಅಂಗಡಿಯವರು ಅಂದರೆ ಬೇಡ ಅನ್ನಿ. ಬಾಕ್ಸ್ ಬೇರೆ, ಡಿಸ್ಕ್ ಬೇರೆ, ಎರಡೂ ಸೀಲ್ ಒಡೆಯದೆ ಕೊಡಿ ಅನ್ನಿ. ಇಷ್ಟು ಹೇಳಿದ್ದರೆ ಬಾಕ್ಸ್, ಡಿಸ್ಕ್ ಸೇರಿ ಕೊಟ್ಟ 38,100 ರೂಪಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿಗೆ ಹೋಗುತ್ತಿರಲಿಲ್ಲ.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿ. ಎರಡು ಬೇ (ಡಿಸ್ಕ್ ಕೂರೋ ಖಾನೆ) ಇರೋ ನ್ಯಾಸ್, ಒಳಗೆ 4 ಟಿಬಿಯ ಎರಡು ಡಿಸ್ಕ್. ಕೇಳಿದ್ದು ಎರಡೇ ಮಾತು: ರಾತ್ರಿ ಹಾಲ್‌ನಲ್ಲಿ ಓಡಿದರೆ ಸದ್ದು ಕೇಳಬಾರದು, ಬ್ಯಾಕಪ್ ಬೇಗ ಮುಗಿಯಬೇಕು. ನ್ಯಾಸ್‌ಗೇ ಮಾಡಿದ ಡಿಸ್ಕ್ ಹಾಕಿ ಅಂತ ಬಾಯಿಬಿಟ್ಟು ಹೇಳಿದ್ದಾಗಿತ್ತು. "ನ್ಯಾಸ್ ಡಿಸ್ಕೇ ಸಾರ್, 9,800ರದ್ದು" ಅಂದರು. ಎರಡಕ್ಕೂ ಆ ರೇಟೇ ಹಿಡಿದರು.

ಅಲ್ಲೇ ಡೆಮೊ ತೋರಿಸಿದರು. 2 ಜಿಬಿ ಫೈಲ್ ಒಂದನ್ನ ಕಾಪಿ ಮಾಡಿ, ನೋಡಿ ಸಾರ್ 112 ಎಂಬಿ ಅಂದರು. ಗಿಗಾಬಿಟ್ ಲೈನ್‌ಗೆ ಅದೇ ಮಿತಿ. ಲೆಕ್ಕದಲ್ಲಿ ಸೆಕೆಂಡಿಗೆ 125 ಎಂಬಿ, ಕೈಗೆ ಸಿಗೋದು 110ರ ಆಸುಪಾಸು. ಹಾಗಾಗಿ ನಂಬಿದ್ದು. ಸದ್ದಿನ ವಿಷಯಕ್ಕೆ "ಕಿವಿ ಇಟ್ಟು ನೋಡಿ" ಅಂದರು. ಹೊರಗೆ ಆಟೋ ಹಾರ್ನ್, ತಲೆ ಮೇಲೆ ಫ್ಯಾನು. ಅಲ್ಲಿ ಯಾವ ಡಿಸ್ಕಿನ ಸದ್ದೂ ಕೇಳೋದಿಲ್ಲ. ಅಂಗಡಿಯಲ್ಲಿ ಕಿವಿ ಇಟ್ಟು ನಿರ್ಧಾರ ಮಾಡಬೇಡಿ.

ಮನೆಯಲ್ಲಿ 2.6 ಟಿಬಿ ಫೋಟೊ, ವಿಡಿಯೊ ಹಾಕೋಕೆ ಶುರು. 110ರ ಲೆಕ್ಕದಲ್ಲಿ ಆರೂವರೆ ಗಂಟೆ ಕೆಲಸ. ವಿಂಡೋಸ್‌ನ ಆ ಹಸಿರು ಗ್ರಾಫ್ ಮೊದಲ ಹತ್ತು ನಿಮಿಷ ಮೇಜಿನ ಹಾಗೆ ಸಮತಟ್ಟು, 110. ಆಮೇಲೆ ಧೊಪ್ಪಂತ 18ಕ್ಕೆ ಬಿತ್ತು. ಒಂದೊಂದು ಸಲ ಸೊನ್ನೆ, ಐದಾರು ಸೆಕೆಂಡ್ ಅಲ್ಲಾಡದೆ ನಿಂತೇಬಿಡ್ತಿತ್ತು. ಮತ್ತೆ 90, ಮತ್ತೆ 15. ಹತ್ತು ಗಂಟೆ ಓಡಿದರೂ 700 ಜಿಬಿ ದಾಟಲಿಲ್ಲ. ಜೊತೆಗೆ ಒಳಗಿಂದ ಕರಕರ ಅನ್ನೋ ಸದ್ದು, ಕಾಪಿ ನಿಲ್ಲಿಸಿದ ಮೇಲೂ ನಿಲ್ಲದೆ.

ಫೋನ್ ಮಾಡಿದಾಗ ಬಂದ ಮೊದಲ ಉತ್ತರ: "ನಿಮ್ಮ ರೂಟರ್ ಪ್ರಾಬ್ಲಮ್ ಸಾರ್. ಇಲ್ಲಾ ಕೇಬಲ್. ಬನ್ನಿ, ಒಳ್ಳೇ ಕೇಬಲ್ ಕೊಡ್ತೀನಿ, 450."

ಇದು ಸುಳ್ಳು ಅಂತ ಕಂಡುಹಿಡಿಯೋದು ಸುಲಭ, ತಿಳಿದುಕೊಳ್ಳಿ. ಕೇಬಲ್‌ನ ನಾಲ್ಕು ಜೋಡಿ ತಂತಿಯಲ್ಲಿ ಒಂದು ಜೋಡಿ ಕೆಟ್ಟರೂ, ಅಥವಾ ರೂಟರಿನ ಪೋರ್ಟ್ 100 ಮೆಗಾಬಿಟ್‌ದಾದರೂ, ವೇಗ ಮೊದಲಿಂದ ಕೊನೆವರೆಗೂ ಒಂದೇ ಸಮ 11 ಎಂಬಿ ಇರುತ್ತೆ. 110ಕ್ಕೆ ಏರಿ ಬೀಳೋದಿಲ್ಲ. (ಇಂಟರ್ನೆಟ್ ಕಂಪನಿಯವರು ಕೊಡೋ ಕೆಲವು ರೂಟರ್‌ಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಅದನ್ನೂ ಒಮ್ಮೆ ನೋಡಿಕೊಳ್ಳಿ.) ಲ್ಯಾಪ್‌ಟಾಪನ್ನ ನೇರವಾಗಿ ನ್ಯಾಸ್‌ಗೆ ಕೇಬಲ್ ಹಾಕಿ ನೋಡಿದ್ದೂ ಆಯ್ತು. ರೂಟರೇ ನಡುವೆ ಇಲ್ಲ, ಆದರೂ ಅದೇ ಕತೆ.

ಎರಡನೇ ಉತ್ತರ: "ಸಣ್ಣ ಸಣ್ಣ ಫೈಲ್ ಜಾಸ್ತಿ ಇದ್ರೆ ಹಂಗೇ ಸಾರ್." ಅರ್ಧ ನಿಜ. ಸಾವಿರಾರು ಫೋಟೊ ಕಾಪಿ ಮಾಡುವಾಗ ವೇಗ ಇಳಿಯುತ್ತೆ. ಆದರೆ 80 ಜಿಬಿಯ ಒಂದೇ ಫೈಲ್ ಹಾಕಿದಾಗಲೂ ಬಿತ್ತು. ರೈಡ್ ಸಿಂಕ್ (ಎರಡು ಡಿಸ್ಕಿನಲ್ಲೂ ಒಂದೇ ಡೇಟಾ ಇರೋ ಹಾಗೆ, ಅಂದರೆ ಮಿರರ್ ಆಗಿ, ಜೋಡಿಸೋ ಕೆಲಸ) ನಡೀತಿದೆಯಾ ನೋಡಿದ್ದಾಯ್ತು, ಅದು ಎಂದೋ ಮುಗಿದಿತ್ತು.

ಆಮೇಲೆ ಟ್ರೇ ಎಳೆದು ಡಿಸ್ಕ್ ಹೊರಗೆ ತೆಗೆದದ್ದು. ಇದನ್ನ ಅಂಗಡಿಯಲ್ಲೇ ಮಾಡಬೇಕಿತ್ತು. ಅಂಗಡಿಯಲ್ಲೇ ಮಾಡಬೇಕಿತ್ತು! ಲೇಬಲ್ ನೋಡಿದರೆ ನ್ಯಾಸ್ ಡಿಸ್ಕೇ ಅಲ್ಲ, ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕ್. ಮಾಡೆಲ್ ನಂಬರನ್ನ ತಯಾರಕರ ಪಟ್ಟಿಯಲ್ಲಿ ಹುಡುಕಿದರೆ ಎಸ್‌ಎಂಆರ್. ಸ್ಕ್ರೂ ತೂತಿನ ಸುತ್ತ ಬಣ್ಣ ಎದ್ದಿದೆ, ಸಾಟಾ ಪಿನ್‌ಗಳ ಮೇಲೆ ಗೀರು. ಎರಡರಲ್ಲೂ.

ಎಸ್‌ಎಂಆರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಇದರಲ್ಲಿ ಡೇಟಾದ ಸಾಲುಗಳನ್ನ ಮಂಗಳೂರು ಹಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಏರಿಸಿ ಬರೀತಾರೆ. ಜಾಗ ಉಳಿಯುತ್ತೆ, ಬೆಲೆ ಇಳಿಯುತ್ತೆ. ಆದರೆ ನಡುವಿನ ಒಂದು ಹಂಚು ಬದಲಿಸಬೇಕಾದರೆ ಮೇಲಿನವನ್ನೆಲ್ಲ ಎತ್ತಬೇಕಲ್ಲ, ಇಲ್ಲೂ ಅಷ್ಟೇ. ಒಂದು ಸಾಲು ತಿದ್ದೋಕೆ ಆ ವಲಯವನ್ನೇ ಮತ್ತೆ ಬರೀಬೇಕು. ಇದನ್ನ ಮುಚ್ಚಿಡೋಕೆ ಡಿಸ್ಕಿನಲ್ಲಿ ಸ್ವಲ್ಪ ಜಾಗವನ್ನ ಮಾಮೂಲಿ ರೀತಿಯಲ್ಲಿ ಬರೆಯೋಕೆ ಕ್ಯಾಶ್ ಅಂತ ಇಟ್ಟಿರ್ತಾರೆ. ಅದು ತುಂಬೋವರೆಗೂ ವೇಗ ಚೆನ್ನಾಗಿರುತ್ತೆ. 2 ಜಿಬಿಯ ಡೆಮೊದಲ್ಲಿ ಅದು ತುಂಬೋದೇ ಇಲ್ಲ! 112 ತೋರಿಸಿದ್ದರ ಗುಟ್ಟು ಇಷ್ಟೇ. ಕಾಪಿ ನಿಂತ ಮೇಲೂ ಕರಕರ ಸದ್ದು ಬರ್ತಿತ್ತಲ್ಲ, ಅದು ಡಿಸ್ಕ್ ಆ ಕ್ಯಾಶ್ ಖಾಲಿ ಮಾಡ್ತಿದ್ದದ್ದು. ಇಂಥ ಡಿಸ್ಕ್ ವೇಗಕ್ಕೂ ಆಗಲ್ಲ, ನಿಶ್ಶಬ್ದಕ್ಕೂ ಆಗಲ್ಲ.

ಇನ್ನೂ ದೊಡ್ಡ ಅಪಾಯ ರೀಬಿಲ್ಡ್‌ನಲ್ಲಿ. ಮಿರರ್‌ನಲ್ಲಿ ಒಂದು ಡಿಸ್ಕ್ ಹೋಗಿ ಹೊಸದು ಹಾಕಿದಾಗ ಸಿಎಂಆರ್ (ಹಂಚಿನ ಹಾಗೆ ಏರಿಸದೆ ಸಾಲುಗಳನ್ನ ಪಕ್ಕಪಕ್ಕ ಬರೆಯೋ ಡಿಸ್ಕ್) ಆದರೆ 4 ಟಿಬಿ ಅರ್ಧ ದಿನದೊಳಗೆ ತುಂಬುತ್ತೆ. ಎಸ್‌ಎಂಆರ್ ಆದರೆ ದಿನಗಟ್ಟಲೆ ಎಳೀಬಹುದು. ಅಷ್ಟೂ ಹೊತ್ತು ಇರೋದೆಲ್ಲ ಉಳಿದ ಆ ಒಂದೇ ಡಿಸ್ಕ್ ಮೇಲೆ. ಇನ್ನೊಂದು: ಓದಲಾಗದ ಸೆಕ್ಟರ್ (ಡಿಸ್ಕಿನ ಒಂದು ತುಣುಕು) ಸಿಕ್ಕರೆ ನ್ಯಾಸ್ ಡಿಸ್ಕ್ ಸುಮಾರು 7 ಸೆಕೆಂಡಿಗೆ ಕೈಬಿಟ್ಟು "ಆಗಲಿಲ್ಲ" ಅಂತ ತಿಳಿಸುತ್ತೆ, ರೈಡ್ ಇನ್ನೊಂದರಿಂದ ಓದಿಕೊಳ್ಳುತ್ತೆ. ಡೆಸ್ಕ್‌ಟಾಪ್ ಡಿಸ್ಕ್ ಹಠ ಹಿಡಿದು ಪ್ರಯತ್ನಿಸ್ತಾನೇ ಇರುತ್ತೆ. ಡಿಸ್ಕ್ ಸತ್ತಿದೆ ಅಂದುಕೊಂಡು ರೈಡ್ ಅದನ್ನ ಹೊರಗೆ ಹಾಕಬಹುದು.

ಸ್ಟಿಕ್ಕರ್ ಮೇಲೆ ನ್ಯಾಸ್ ಅಂತ ಇದ್ದರೂ ಸಾಲದು. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ 2ರಿಂದ 6 ಟಿಬಿಯ ಕೆಲವು ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಇದೆ ಅಂತ 2020ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತ್ತು. ಮಾಡೆಲ್ ನಂಬರ್ ಇಎಫ್‌ಎಎಕ್ಸ್ ಅಂತ ಮುಗಿಯೋವು. ಆಮೇಲೆ ಸಿಎಂಆರ್‌ದಕ್ಕೆ ರೆಡ್ ಪ್ಲಸ್ ಅಂತ ಹೆಸರಿಟ್ಟರು. ಸೀಗೇಟ್‌ನವರ ನ್ಯಾಸ್ ಡಿಸ್ಕ್ ಐರನ್‌ವುಲ್ಫ್ ಪೂರಾ ಸಿಎಂಆರ್. ಹೆಸರಲ್ಲ, ಪೂರ್ತಿ ಮಾಡೆಲ್ ನಂಬರ್ ನೋಡಿ.

ಈಗ ಹೊಟ್ಟೆ ಉರಿಯೋ ಭಾಗ. ನ್ಯಾಸ್‌ನ ಮುಖಪುಟದಲ್ಲಿ ಎರಡು ಡಿಸ್ಕಿಗೂ ಹಸಿರು ಬಣ್ಣದಲ್ಲಿ "ಹೆಲ್ದಿ" ಅಂತಿತ್ತು. ಅದರೊಳಗೆ ಹೋಗಿ ಸ್ಮಾರ್ಟ್ ವಿವರ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡೋ ಪಟ್ಟಿ) ತೆಗೆದರೆ 9 ನಂಬರಿನ ಸಾಲು, ಪವರ್ ಆನ್ ಅವರ್ಸ್ (ಓಡಿದ ಗಂಟೆ): 21,400. ಅಂದರೆ ಎರಡು ವರ್ಷ ಐದು ತಿಂಗಳು. ಆನ್-ಆಫ್ ಆದ ಲೆಕ್ಕ ಬರೀ 61. ಹೊಸದು ಅಂತ ಮಾರಿದ ಡಿಸ್ಕ್ ಅದು, ಎಲ್ಲೋ ಹಗಲೂ ರಾತ್ರಿ ಓಡಿ ಬಂದಿದೆ. ಪಕ್ಕದ್ದೂ ಅದೇ ಗಂಟೆ, ಅದೇ ಯಂತ್ರದ ಜೋಡಿ. ಹೋಗೋದಿದ್ದರೆ ಎರಡೂ ಒಟ್ಟಿಗೇ ಹೋಗಬಹುದು. ಮಿರರ್ ಮಾಡಿ ಏನು ಬಂತು?

ಸ್ಕ್ರೀನಿನ ಫೋಟೊ ಕಳಿಸಿದಾಗ: "ಅದು ಟೆಸ್ಟಿಂಗ್‌ಗೆ ಓಡ್ಸಿರ್ತೀವಿ ಸಾರ್."

21,400 ಗಂಟೆ ಟೆಸ್ಟಿಂಗ್!

ಲೇಬಲ್ ಫೋಟೊಗೆ: "ಎರಡೂ ಒಂದೇ ಸಾರ್, ಸ್ಟಿಕ್ಕರ್ ಮಾತ್ರ ಬೇರೆ." ವಾಪಸ್ ತಗೊಳ್ಳಿ ಅಂದಾಗ: "ಸೀಲ್ ಓಪನ್ ಆಗಿದೆ, ರಿಟರ್ನ್ ಇಲ್ಲ." ಸೀಲ್ ಒಡೆದು ಡಿಸ್ಕ್ ಹಾಕಿದವರೇ ಅವರು. ಕೊನೆಗೆ ಬಾಯಿ ಕಟ್ಟಿಸಿದ ಮಾತು: "ಬಿಲ್ಲಲ್ಲಿ ನ್ಯಾಸ್ ಡಿಸ್ಕ್ ಅಂತ ಎಲ್ಲಿದೆ ತೋರ್ಸಿ ಸಾರ್."

ಇರಲಿಲ್ಲ. "ನ್ಯಾಸ್ 2 ಬೇ ವಿತ್ ಎಚ್‌ಡಿಡಿ 4 ಟಿಬಿ 2 ನಂಬರ್" ಅಂತ ಒಂದೇ ಸಾಲು. ಕಂಪನಿ ಇಲ್ಲ, ಮಾಡೆಲ್ ಇಲ್ಲ, ಸೀರಿಯಲ್ ಇಲ್ಲ. ಜಿಎಸ್‌ಟಿ ಬಿಲ್ ಇದೆಯಲ್ಲ ಅಂತ ಮಡಚಿ ಜೇಬಿಗೆ ಇಟ್ಟುಕೊಂಡಿದ್ದು ತಪ್ಪು. ಇಷ್ಟು ವರ್ಷ ಡಿಸ್ಕ್ ನೋಡಿದವರಿಗೂ ಈ ಒಂದು ಸಾಲು ಕಣ್ಣಿಗೆ ಬೀಳಲಿಲ್ಲವಲ್ಲ ಅಂತ ನಾಚಿಕೆ ಆಗುತ್ತೆ.

ಹಾಗಾಗಿ ಬಿಲ್ಲಿನಲ್ಲಿ ಪ್ರತಿ ಡಿಸ್ಕಿಗೂ ಪೂರ್ತಿ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಬರೆಸಿ. ಹಣ ಕೊಡೋ ಮೊದಲೇ ಫೋನಿನಲ್ಲಿ ಆ ಸೀರಿಯಲ್ ಹಾಕಿ ತಯಾರಕರ ಸೈಟಿನಲ್ಲಿ ವಾರಂಟಿ ನೋಡಿ. ನಮ್ಮ ಎರಡಕ್ಕೂ ಮುಗಿದಿದೆ ಅಂತ ಬಂತು. ಡಿಸ್ಕ್ ನೀವೇ ಹಾಕಿ, ನಾಲ್ಕು ಸ್ಕ್ರೂ, ಹತ್ತು ನಿಮಿಷ. ವಾಲ್ಯೂಮ್ (ಫೈಲ್ ಹಾಕೋ ಜಾಗ) ಮಾಡೋ ಮೊದಲು ಸ್ಮಾರ್ಟ್‌ನ ಉದ್ದದ ಪರೀಕ್ಷೆ ಓಡಿಸಿ. 4 ಟಿಬಿಗೆ ಒಂದು ರಾತ್ರಿ ಹಿಡಿಯುತ್ತೆ. ಸ್ಮಾರ್ಟ್ ಪಟ್ಟಿಯಲ್ಲಿ 5, 197, 198 ನಂಬರಿನ ಸಾಲುಗಳ (ಕೆಟ್ಟ ಸೆಕ್ಟರ್‌ಗಳ ಲೆಕ್ಕ) ಕೊನೆಯ ಕಾಲಮ್ಮಿನ ಅಂಕಿ ಸೊನ್ನೆ ಇರಬೇಕು. ಗಂಟೆ ಸೊನ್ನೆ ತೋರಿಸಿದರೂ ಕಣ್ಣುಮುಚ್ಚಿ ನಂಬಬೇಡಿ, ಅದನ್ನ ಅಳಿಸೋರೂ ಇದ್ದಾರೆ. 2025ರ ಆರಂಭದಲ್ಲಿ ಯೂರೋಪಿನಲ್ಲಿ ಹಳೇ ಸೀಗೇಟ್ ಡಿಸ್ಕ್‌ಗಳನ್ನ ಹೀಗೆ ಗಂಟೆ ಅಳಿಸಿ ಹೊಸದು ಅಂತ ಮಾರಿದ್ದು, ಡಿಸ್ಕ್ ಒಳಗೆ ಬೇರೆಯಾಗಿ ಉಳಿದಿದ್ದ ಫಾರ್ಮ್ ಅನ್ನೋ ಲಾಗ್‌ನಿಂದ ಸಿಕ್ಕಿಬಿತ್ತು. ವೇಗ ನೋಡೋದಾದರೆ ಕನಿಷ್ಠ 200 ಜಿಬಿ ಒಂದೇ ಉಸಿರಿಗೆ ಬರೆಸಿ ನೋಡಿ, 2 ಜಿಬಿ ಅಲ್ಲ.

ಸದ್ದು ಬೇಡ ಅನ್ನೋರು ನಿಮಿಷಕ್ಕೆ 5,400 ಸುತ್ತಿನ ಡಿಸ್ಕ್ ಕೇಳಿ. ಗಿಗಾಬಿಟ್ ಲೈನ್ ತುಂಬೋಕೆ ಅದೇ ಸಾಕು. ಡೇಟಾ ಸೆಂಟರಿನ 7,200 ಸುತ್ತಿನ ಡಿಸ್ಕ್ ಮಲಗೋ ಮನೆಯ ಹತ್ತಿರ ಬೇಡವೇ ಬೇಡ. ಮರದ ಶೋಕೇಸ್, ಸ್ಟೀಲ್ ಬೀರು ಡೋಲಿನ ಹಾಗೆ ಕಂಪನ ಹಿಗ್ಗಿಸುತ್ತವೆ. ದಪ್ಪ ರಬ್ಬರ್ ಹಾಳೆ ಹಾಸಿ. 2.5 ಗಿಗಾಬಿಟ್ ಪೋರ್ಟ್ ಇದೆ ಅಂತ ಹೆಚ್ಚು ಕೇಳಿದರೆ, ನಿಮ್ಮ ರೂಟರಿಗೂ ಲ್ಯಾಪ್‌ಟಾಪಿಗೂ ಅದು ಇದೆಯಾ ಅಂತ ಮೊದಲು ನೋಡಿ. ಮಿರರ್ ಇದೆ ಅಂತ ಹಳೇ ಯುಎಸ್‌ಬಿ ಡಿಸ್ಕಿನ ಪ್ರತಿ ಅಳಿಸಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. 5 ಲಕ್ಷದವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ, ಅಲ್ಲಿಗೂ ಹೋಗೋದೇ. ದೂರಿನ ಸುದ್ದಿ ತಿಳಿದ ಮೇಲೆ ಅಂಗಡಿಯಿಂದ ಬಂದ ಮೆಸೇಜ್: "ಡಿಸ್ಕ್ ತಂದ್ಕೊಡಿ ಸಾರ್, 3,000 ಹಿಡ್ಕೊಂಡು ಬೇರೆ ಹಾಕ್ಕೊಡ್ತೀವಿ." ಒಪ್ಪಿಲ್ಲ. ಎರಡೂ ಡಿಸ್ಕ್ ಕವರ್‌ನಲ್ಲಿ ಹಾಕಿ, ಬಿಲ್ಲಿನ ಜೊತೆ ಎತ್ತಿಟ್ಟಿದೆ. 19,600 ಪೂರ್ತಿ ಬರೋವರೆಗೂ ಕೊಡೋದಿಲ್ಲ.